ಹಡಗು ಹತ್ತುವ ಮುನ್ನ ಮುಂಬೈಗೊಂದು ದಿನ

ಅಡಿಕೆ ಕೊಯ್ಲು ಮುಗಿದು, ಕಾಫಿ ಕಣದಲ್ಲಿ ಒಣಗಿ ಚೀಲ ಸೇರಿತೆಂದರೆ ನಮ್ಮ ಮಲೆನಾಡಿನ ಕಡೆ ತಿರುಗಾಟದ ಮಾತು ಏಳುತ್ತದೆ. ಬಾಳಗಡಿಯಲ್ಲಿ ಬಸ್ಸಿಗೆ ಕಾಯುವಾಗ, ಕೊಪ್ಪದ ಪೇಟೆಯಲ್ಲಿ ಚಹಾ ಕುಡಿಯುವಾಗ, ಶೃಂಗೇರಿಯ ಮದುವೆ ಮನೆಯಲ್ಲಿ ಎಲೆ ಅಡಿಕೆ ಹಾಕುವಾಗ ‘ಈ ಸಲ ಎಲ್ಲಿಗೆ?’ ಎಂಬ ಪ್ರಶ್ನೆ ಬರುತ್ತದೆ. ಕಾಶಿ, ರಾಮೇಶ್ವರ, ಕೇರಳಗಳ ಜೊತೆಗೆ ಈಗ ಹಡಗಿನ ಹೆಸರೂ ಕೇಳಿಬರುತ್ತದೆ. ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ, ಲಕ್ಷದ್ವೀಪಗಳನ್ನು ತೋರಿಸುವ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ 2021ರಲ್ಲಿ ಓಡಾಟ ಶುರು ಮಾಡಿದ ಮೇಲೆ ಪಾಸ್‌ಪೋರ್ಟು, ವೀಸಾಗಳ ರಗಳೆಯಿಲ್ಲದೆಯೂ ಹಡಗು ಪ್ರವಾಸ ಮಾಡಬಹುದು ಎಂದಾಯಿತು. 1990ರಲ್ಲಿ ಸೇವೆಗಿಳಿದ, ಸುಮಾರು 211 ಮೀಟರ್ ಉದ್ದದ, ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಹೊರುವ ಹಡಗು ಅದು.

ಹೀಗೆ ಹೊರಡುವವರು ಹಡಗಿನ ಮೇಲಿನ ಮೂರ್ನಾಲ್ಕು ದಿನಕ್ಕೆ ಎಲ್ಲ ತಯಾರಿ ಮಾಡುತ್ತಾರೆ. ಯಾವ ಮಹಡಿಯ ಕೋಣೆ, ಈಜುಕೊಳಕ್ಕೆ ಯಾವ ಬಟ್ಟೆ, ಸಸ್ಯಾಹಾರಿಗಳಿಗೆ ಏನಿದೆ ಎಂದೆಲ್ಲ ವಿಚಾರಿಸುತ್ತಾರೆ. ಹಡಗು ಹತ್ತುವ ಹಿಂದಿನ ದಿನವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಾಡ್ಜಿನಲ್ಲಿ ಮಲಗಿ, ಟಿವಿ ನೋಡಿ, ಸಂಜೆ ಸಿಕ್ಕ ಬಾರಿನಲ್ಲಿ ಕೂತು ಮುಗಿಸುತ್ತಾರೆ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ. ಮುಂಬೈಯ ಬಂದರಿನ ಸುತ್ತ ಎರಡು ಮೂರು ಕಿಲೋಮೀಟರ್ ಒಳಗೆ ನೋಡಬೇಕಾದ್ದು, ಉಣ್ಣಬೇಕಾದ್ದು, ಕೂತು ಕುಡಿಯಬೇಕಾದ್ದು ಎಲ್ಲ ಇದೆ. ಅದರಲ್ಲಿ ದೊಡ್ಡ ಪಾಲು ನಮ್ಮ ಘಟ್ಟದ ಕೆಳಗಿನ ಜನ ಬೆವರು ಹರಿಸಿ ಕಟ್ಟಿದ್ದು.

ಹಿಂದಿನ ದಿನವೇ ಯಾಕೆ?

ಮೊದಲ ಕಾರಣ ನಮ್ಮ ದಾರಿ. ಕೊಪ್ಪದಿಂದ ಉಡುಪಿಗೆ ಇಳಿಯಲು ಆಗುಂಬೆ ಘಾಟಿ, ಇಲ್ಲವೇ ಶೃಂಗೇರಿ, ಕೆರೆಕಟ್ಟೆ, ಎಸ್‌.ಕೆ. ಬಾರ್ಡರ್ ದಾಟಿ ಕಾರ್ಕಳದ ದಾರಿ. ಎರಡೂ ಕಡೆ ಒಂದು ಮರ ಬಿದ್ದರೆ, ಒಂದು ಲಾರಿ ತಿರುವಿನಲ್ಲಿ ಸಿಕ್ಕಿಕೊಂಡರೆ ಗಂಟೆಗಟ್ಟಲೆ ಕಾಯಬೇಕು. ಉಡುಪಿಯಲ್ಲಿ ಮಧ್ಯಾಹ್ನದ ಮೇಲೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿದರೆ ಮರುದಿನ ಬೆಳಗ್ಗೆ ಮುಂಬೈಯ ಲೋಕಮಾನ್ಯ ತಿಲಕ್ ಟರ್ಮಿನಸ್. ಕೊಂಕಣ ರೈಲು ಹೊತ್ತಿಗೆ ಸರಿಯಾಗಿ ತಲುಪುವ ದಿನಗಳಿವೆ, ತಲುಪದ ದಿನಗಳೂ ಇವೆ.

ಎರಡನೆಯ ಕಾರಣ ಹಡಗು. ಬಸ್ಸಿನ ಕಂಡಕ್ಟರಿಗೆ ಫೋನ್ ಮಾಡಿ ‘ಐದು ನಿಮಿಷ ನಿಲ್ಲಿಸಿ, ಬಂದ್ವಿ’ ಅಂದ ಹಾಗೆ ಹಡಗಿಗೆ ಹೇಳಲಾಗದು. ಹೊರಡುವ ಸಮಯಕ್ಕಿಂತ ಬಹಳ ಮುಂಚೆಯೇ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುತ್ತಾರೆ. ಗೇಟಿನಲ್ಲಿ ಗುರುತಿನ ಚೀಟಿ, ಒಳಗೆ ಬ್ಯಾಗಿನ ತಪಾಸಣೆ, ಆಮೇಲೆ ಸಾಲು. ಟಿಕೆಟ್ಟಿನಲ್ಲಿ ಬರೆದ ಗೇಟು, ಬರೆದ ಹೊತ್ತು, ಇವೆರಡೇ ಪ್ರಮಾಣ.

ಹಾಗಾಗಿ ಬೆಳಗ್ಗೆ ಮುಂಬೈ ತಲುಪಿ, ಒಂದು ಹಗಲು, ಒಂದು ರಾತ್ರಿ ಅಲ್ಲಿದ್ದು, ಮರುದಿನ ಹಡಗು ಹತ್ತುವುದು ಸರಿಯಾದ ಕ್ರಮ. ತಂಗುವ ಜಾಗ ಫೋರ್ಟ್, ಕೊಲಾಬಾ ಅಥವಾ ಸಿಎಸ್‌ಎಂಟಿ ಸ್ಟೇಷನ್ನಿನ ಸುತ್ತ ಇರಲಿ. ಬಾಡಿಗೆ ಕಡಿಮೆಯೆಂದು ದೂರದ ಉಪನಗರದಲ್ಲಿ ಕೋಣೆ ಹಿಡಿದರೆ ಉಳಿದ ದುಡ್ಡು ಟ್ಯಾಕ್ಸಿಗೂ, ಉಳಿಯಬೇಕಾಗಿದ್ದ ಹೊತ್ತು ಟ್ರಾಫಿಕ್ಕಿಗೂ ಹೋಗುತ್ತದೆ.

ಮಾಟುಂಗದಲ್ಲಿ ಬೆಳಗಿನ ತಿಂಡಿ

ರೈಲಿಳಿದು ಫೋರ್ಟಿಗೆ ಹೋಗುವ ದಾರಿಯಲ್ಲೇ ಮಾಟುಂಗ ಸಿಗುತ್ತದೆ. ಮುಂಬೈಗೆ ಬಂದ ದಕ್ಷಿಣದವರು ಮೊದಲು ಬೇರು ಬಿಟ್ಟ ಬಡಾವಣೆಗಳಲ್ಲಿ ಇದೂ ಒಂದು. ಸ್ಟೇಷನ್ನಿನ ಹತ್ತಿರದ ಬೀದಿಯಲ್ಲಿ ಮಲ್ಲಿಗೆ ದಂಡೆ, ಬಾಳೆ ಎಲೆ, ಫಿಲ್ಟರ್ ಕಾಫಿಪುಡಿ ನೋಡಿದಾಗ ನಮ್ಮೂರ ಸಂತೆಯಲ್ಲಿ ನಿಂತ ಹಾಗಾಗುತ್ತದೆ. ಕೆಫೆ ಮದ್ರಾಸ್ ಇರುವುದು ಇಲ್ಲಿ. ಎ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದೂ ಇಲ್ಲೇ. ಅಲ್ಲಿ ಬಾಳೆ ಎಲೆ ಊಟ. ಬೆಳಗಿನ ಹೊತ್ತಿಗೆ ಇಡ್ಲಿ, ದೋಸೆ, ಕಾಫಿ ಸಾಕು.

ಇದೇ ಮಾಟುಂಗದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ಹಳೆಯ ಮೈಸೂರಿನಿಂದ ಉದ್ಯೋಗಕ್ಕೆ ಬಂದವರು ಕಟ್ಟಿದ ಸಂಸ್ಥೆ. ಕನ್ನಡ ನಾಟಕ, ಉಪನ್ಯಾಸ, ಸಂಗೀತಗಳಿಗೆ ಇಷ್ಟು ವರ್ಷ ಮನೆಯಾಗಿ ನಿಂತಿದೆ. ಅಂದಿನ ಕಡೂರು ಜಿಲ್ಲೆಗೆ ಸೇರಿದ್ದ ನಮ್ಮ ಕೊಪ್ಪವೂ ಮೈಸೂರು ಸಂಸ್ಥಾನದ ಊರೇ. ಹಾದುಹೋಗುವಾಗ ಆ ಕಟ್ಟಡದ ಮುಂದೆ ಒಂದು ಕ್ಷಣ ನಿಂತು ಹೋಗುವುದು ನಮ್ಮ ಪಾಲಿಗೆ ಸಲ್ಲುವ ಗೌರವ.

ಐಹೊಳೆಯ ಚಾವಣಿ, ಮುಂಬೈಯ ಗೋಡೆ

ಕೋಣೆಯಲ್ಲಿ ಬ್ಯಾಗಿಟ್ಟು ಸ್ನಾನ ಮುಗಿಸಿದರೆ ಮಧ್ಯಾಹ್ನದವರೆಗೆ ಒಂದೇ ಜಾಗಕ್ಕೆ ಹೊತ್ತಿದೆ. ಎಲಿಫೆಂಟಾ ಅಥವಾ ವಸ್ತುಸಂಗ್ರಹಾಲಯ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಎಲಿಫೆಂಟಾಕ್ಕೆ ಗೇಟ್‌ವೇ ಆಫ್ ಇಂಡಿಯಾ ಮುಂದಿನಿಂದ ಲಾಂಚಿನಲ್ಲಿ ಒಂದು ಗಂಟೆಯ ದಾರಿ. ಸೋಮವಾರ ರಜೆ. ಇಳಿದ ಮೇಲೆ ಮೆಟ್ಟಿಲು ಹತ್ತಬೇಕು, ಹೋಗಿಬರಲು ಅರ್ಧ ದಿನ ಬೇಕೇ ಬೇಕು. ಅಲ್ಲಿನ ಮೂರು ಮುಖದ ಶಿವನನ್ನು ನೋಡುವವರು ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು ವರ್ಣಿಸುತ್ತ, ಪಶ್ಚಿಮ ಸಮುದ್ರದ ಸಿರಿಯಂತಿದ್ದ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದ ಕಥೆ ಹೇಳುತ್ತಾನೆ. ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ, ಎಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ಬಾದಾಮಿಯ ಅರಸನ ಹಡಗುಗಳು ಓಡಾಡಿರಬಹುದಾದ ನೀರಿನ ಮೇಲೆ ನಿಮ್ಮ ಲಾಂಚು ಹೋಗುತ್ತಿರುತ್ತದೆ.

ಹಿರಿಯರು, ಮಕ್ಕಳು ಜೊತೆಗಿದ್ದರೆ ನಾನು ಹೇಳುವುದು ವಸ್ತುಸಂಗ್ರಹಾಲಯ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಎಂದು ಈಗಿನ ಹೆಸರು, ಹಳಬರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಶಿಲ್ಪಗಳ ವಿಭಾಗದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಿಂದ ತಂದ ಚಾವಣಿಯ ಕಲ್ಲುಗಳಿವೆ. ಬ್ರಹ್ಮ, ಶೇಷಶಾಯಿ ವಿಷ್ಣು, ಉಮೆಯೊಡನೆ ಮಹೇಶ್ವರ. ಗುಡಿಯಲ್ಲಿದ್ದಾಗ ಇವು ತಲೆಯ ಮೇಲಿದ್ದವು. ಅರೆಗತ್ತಲಲ್ಲಿ ಕತ್ತು ಹಿಂದಕ್ಕೆ ಚಾಚಿ ನೋಡಬೇಕಾಗಿದ್ದ ದೇವರುಗಳು ಇಲ್ಲಿ ಎದುರಿಗೇ ನಿಂತಿದ್ದಾರೆ. ಮರಳುಗಲ್ಲಿನ ಕಣ ಕಾಣುತ್ತದೆ, ಬೆರಳಿನ ಗೆಣ್ಣು ಕಾಣುತ್ತದೆ, ಕೊರಳ ಹಾರದ ಒಂದೊಂದು ಮಣಿಯನ್ನೂ ಶಿಲ್ಪಿ ಬಿಡಿಸಿಟ್ಟದ್ದು ಕಾಣುತ್ತದೆ. ನೋಡುಗರ ಕಣ್ಣಿಗೆ ಅಷ್ಟಾಗಿ ಬೀಳದ ಎತ್ತರದಲ್ಲೂ ಕೆಲಸ ಕೆಡಿಸದ ಆ ಕೈಯ ನಿಷ್ಠೆ ಇಲ್ಲಿ ನಿಂತಾಗಲೇ ತಿಳಿಯುವುದು. ಕಲ್ಲು ತನ್ನ ಊರಿನಲ್ಲಿಲ್ಲ ಎಂಬ ನೋವೂ ಜೊತೆಗೇ ಆಗುತ್ತದೆ.

ಫೋರ್ಟಿನ ಊಟ, ಬಂದರಿನ ಬೀದಿ

ಮ್ಯೂಸಿಯಮ್ಮಿನಿಂದ ಫೋರ್ಟಿಗೆ ನಡೆದೇ ಹೋಗಬಹುದು. ಮಧ್ಯಾಹ್ನದ ಊಟಕ್ಕೆ ಮೀನು ತಿನ್ನುವವರಿಗೆ ಮಹೇಶ್ ಲಂಚ್ ಹೋಮ್, ತೃಷ್ಣಾ, ಅಪೂರ್ವ ಇವೆ. ಮೂರೂ ಕರಾವಳಿಯ ಅಡುಗೆಯಿಂದ ಹೆಸರು ಮಾಡಿದವು. ನೀರುದೋಸೆ ಹರಿದು ಗಸ್ಸಿಯಲ್ಲಿ ಅದ್ದಿದರೆ ಉಡುಪಿಯ ಯಾವುದೋ ಮನೆಯ ಅಡುಗೆಕೋಣೆಯೇ ಎದುರಿಗೆ ಬಂದ ಹಾಗೆ. ನಮ್ಮ ಮಲೆನಾಡಿನ ಏಡಿ ಸಾರು ಉಂಡವರಿಗೆ ತೃಷ್ಣಾದ ಬೆಣ್ಣೆ ಬೆಳ್ಳುಳ್ಳಿಯ ಏಡಿ ಬೇರೆಯೇ ಲೋಕ. ಪಾರ್ಸಿ ಊಟ ನೋಡಬೇಕೆಂದರೆ ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾಕ್ಕೆ ಹೋಗಿ. 1923ರಷ್ಟು ಹಳೆಯದು, ಬೆರ್ರಿ ಪುಲಾವಿಗೆ ಪ್ರಸಿದ್ಧ. ಅಲ್ಲಿ ಮದ್ಯವಿಲ್ಲ.

ಊಟವಾದ ಮೇಲೆ ಬಲ್ಲಾರ್ಡ್ ಎಸ್ಟೇಟಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿ. ಒಂದೇ ಎತ್ತರದ, ಒಂದೇ ಮೈಕಟ್ಟಿನ ಕಲ್ಲಿನ ಕಟ್ಟಡಗಳು. ಗೇಟ್‌ವೇ ಆಫ್ ಇಂಡಿಯಾವನ್ನು ರೂಪಿಸಿದ ಜಾರ್ಜ್ ವಿಟೆಟ್‌ನ ಕೈ ಇಲ್ಲೂ ಇದೆ. ಈ ಬೀದಿಯ ತುದಿಯಲ್ಲೇ ಬಲ್ಲಾರ್ಡ್ ಪಿಯರ್. ನಾಳೆ ನೀವು ಹಡಗು ಹತ್ತುವ ಜಾಗ. ವರ್ಷಕ್ಕೆ ಹತ್ತು ಲಕ್ಷ ಪ್ರಯಾಣಿಕರನ್ನು ನಿಭಾಯಿಸಲೆಂದು ಕಟ್ಟಿದ ಹೊಸ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಯಾಯಿತು. ಯಾವ ಗೇಟು, ಟ್ಯಾಕ್ಸಿ ಎಲ್ಲಿಯವರೆಗೆ ಬಿಡುತ್ತದೆ, ಲಗೇಜು ಎಷ್ಟು ದೂರ ಎಳೆಯಬೇಕು ಎಂಬುದನ್ನು ಇಂದೇ ಕಣ್ಣಾರೆ ನೋಡಿಕೊಂಡರೆ ನಾಳೆಯ ಅರ್ಧ ಆತಂಕ ಕಳೆಯಿತು.

ಈ ಬಂದರಿಗೆ ಕಹಿ ನೆನಪೂ ಇದೆ. 1944ರ ಏಪ್ರಿಲ್ 14ರಂದು ಇಲ್ಲೇ ಉತ್ತರಕ್ಕಿದ್ದ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಹತ್ತಿ ಮತ್ತು ಸಿಡಿಮದ್ದನ್ನು ಒಟ್ಟಿಗೆ ತುಂಬಿದ್ದ ಹಡಗು ಎರಡು ಸಲ ಸ್ಫೋಟಿಸಿ ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ದೇಶದಲ್ಲಿ ಪ್ರತಿವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಅವರ ನೆನಪಿಗೆ.

ಸಂಜೆಯ ಕೊಲಾಬಾ

ಬಿಸಿಲು ಇಳಿಯುವ ಹೊತ್ತಿಗೆ ಗೇಟ್‌ವೇ ಮುಂದೆ ಇರಬೇಕು. 1911ರಲ್ಲಿ ಐದನೆಯ ಜಾರ್ಜ್ ಬಂದಿಳಿದ ನೆನಪಿಗೆಂದು ಕಟ್ಟಲು ಹೊರಟು, 1924ರಲ್ಲಿ ಮುಗಿದ ಕಮಾನು. 1948ರ ಫೆಬ್ರುವರಿ 28ರಂದು ಬ್ರಿಟಿಷರ ಕೊನೆಯ ಸೈನಿಕ ತುಕಡಿ ಇದೇ ಕಮಾನಿನಡಿ ಹಾದು ಹಡಗು ಹತ್ತಿತು. ಬರಲೆಂದು ಕಟ್ಟಿಸಿದ ಬಾಗಿಲಲ್ಲೇ ಅವರು ಹೊರಗೆ ಹೋದದ್ದನ್ನು ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎದುರಿಗಿನ ತಾಜ್ ಹೋಟೆಲು 1903ರದ್ದು. ಅದರ ಹಾರ್ಬರ್ ಬಾರ್ 1933ರಿಂದ ಇದೆ, ಊರಿನಲ್ಲಿ ಲೈಸೆನ್ಸ್ ಪಡೆದ ಮೊದಲ ಬಾರ್ ಎಂಬ ಹೆಗ್ಗಳಿಕೆ ಅದಕ್ಕೆ. ಕಿಟಕಿಯಾಚೆ ಕಡಲು ಕಾಣುತ್ತ ಒಂದೇ ಒಂದು ಗ್ಲಾಸು ಕುಡಿದು ಏಳುವವರಿಗೆ ಒಳ್ಳೆಯ ಜಾಗ. ಬೆಲೆಪಟ್ಟಿ ನೋಡಿ ಆರ್ಡರ್ ಮಾಡಿ. ನಾಲ್ಕು ಹೆಜ್ಜೆ ಹೋದರೆ ಕೊಲಾಬಾ ಕಾಸ್‌ವೇಯಲ್ಲಿ ಇರಾನಿಗಳು 1871ರಲ್ಲಿ ಶುರು ಮಾಡಿದ ಲಿಯೋಪೋಲ್ಡ್ ಕೆಫೆ. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರ ಗುಂಡು ಇಲ್ಲೂ ಸಿಡಿಯಿತು. ಗೋಡೆಯಲ್ಲಿ ಆ ಗುಂಡಿನ ಗುರುತುಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅದರ ನೆರೆಯ ಮೊಂಡೆಗಾರ್ ಕೆಫೆಯ ಗೋಡೆ ತುಂಬ ಮಾರಿಯೋ ಮಿರಾಂಡಾ ಬರೆದ ಚಿತ್ರಗಳು. ಬಿಯರು ತರಿಸಿಕೊಂಡು ಆ ಗೋಡೆಯ ಒಂದೊಂದೇ ಮುಖ ಓದುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು.

ಪರ್ಮಿಟ್ ರೂಮಿನಲ್ಲಿ ನಮ್ಮವರು

ಈ ಹೆಸರುವಾಸಿ ಜಾಗಗಳಾದ ಮೇಲೆ ಒಂದು ಸಾದಾ ಪರ್ಮಿಟ್ ರೂಮಿಗೆ ಹೋಗದಿದ್ದರೆ ಮುಂಬೈಯ ಬಾರು ನೋಡಿದ ಹಾಗಲ್ಲ. 1949ರ ಬಾಂಬೆ ಪಾನನಿಷೇಧ ಕಾಯ್ದೆ, ಮೊರಾರ್ಜಿ ದೇಸಾಯಿಯವರ ಕಾಲದ ಬಿಗಿ, ಇವುಗಳಿಂದ ಕುಡಿತ ಕದ್ದುಮುಚ್ಚಿ ನಡೆಯುವ ವ್ಯವಹಾರವಾಗಿತ್ತು. ಅಂದು ಮುಂಬೈ ರಾಜ್ಯದಲ್ಲಿದ್ದ ನಮ್ಮ ಬೆಳಗಾವಿ, ಧಾರವಾಡ, ಕಾರವಾರಗಳಿಗೂ ಅದೇ ಕಾನೂನು. ಮುಂದೆ ವಸಂತರಾವ್ ನಾಯಕರು ಮುಖ್ಯಮಂತ್ರಿಯಾಗಿದ್ದಾಗ ಹಗ್ಗ ಸಡಿಲವಾಯಿತು. ಪರ್ಮಿಟ್ ಇದ್ದವರು ಕೂತು ಕುಡಿಯಬಹುದಾದ ಕೋಣೆಗಳು ಹುಟ್ಟಿದವು. ಆ ಲೈಸೆನ್ಸುಗಳನ್ನು ಹಿಡಿದವರಲ್ಲಿ ದೊಡ್ಡ ಸಂಖ್ಯೆಯವರು ದಕ್ಷಿಣ ಕನ್ನಡ, ಉಡುಪಿ ಕಡೆಯ ಹೋಟೆಲಿನವರು. ಮುಂಬೈಯವರ ಬಾಯಲ್ಲಿ ಇವತ್ತಿಗೂ ‘ಶೆಟ್ಟಿ ಬಾರ್’ ಎಂಬ ಮಾತಿದೆ.

ಇವರು ಬಂದ ದಾರಿಯೇ ಒಂದು ಕಥೆ. ರೈಲು ಇಲ್ಲದ ಕಾಲದಲ್ಲಿ ಮಂಗಳೂರಿನಿಂದ ಆಗಬೋಟು ಹತ್ತಿ, ಡೆಕ್ಕಿನ ಮೇಲೆ ಚಾಪೆ ಹಾಸಿ, ಬುತ್ತಿ ಬಿಚ್ಚಿ ಉಂಡು ಬೊಂಬಾಯಿ ಸೇರಿದ ಹುಡುಗರು ಅವರು. ಮಳೆಗಾಲದಲ್ಲಿ ಕಡಲು ಮುಚ್ಚುತ್ತಿತ್ತು. ಬಂದವರು ಹೋಟೆಲಿನಲ್ಲಿ ಲೋಟ ತೊಳೆದರು, ಮಾಣಿಗಳಾದರು, ಹೋಟೆಲಿನಲ್ಲೇ ಮಲಗಿದರು. ಹಗಲು ದುಡಿದು ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಎಸ್ಸೆಸ್ಸೆಲ್ಸಿ ಕಟ್ಟಿದವರಿದ್ದಾರೆ, ಪದವಿ ಮುಗಿಸಿದವರಿದ್ದಾರೆ. ಕೂಡಿಟ್ಟ ಕಾಸಿನಿಂದ ಪಾಲು ಸೇರಿ ಸ್ವಂತ ಹೋಟೆಲು ಹಿಡಿದವರಿದ್ದಾರೆ.

ನಾನು ಕೂತಿದ್ದ ಪರ್ಮಿಟ್ ರೂಮು ಫೋರ್ಟಿನ ಒಂದು ಗಲ್ಲಿಯೊಳಗಿನದು. ಗಲ್ಲಾದ ಹಿಂದೆ ದೇವರ ಪಟಗಳಿಗೆ ಸಣ್ಣ ಬಲ್ಬಿನ ಮಾಲೆ. ಗಾಜಿನಂತೆ ಹೊಳೆಯುವ ಸನ್‌ಮೈಕಾ ಟೇಬಲ್ಲು. ಕೇಳುವ ಮೊದಲೇ ಬಂದ ಚಕ್ನಾ ತಟ್ಟೆಯಲ್ಲಿ ಬೇಯಿಸಿದ ಕಡಲೆಕಾಯಿ, ಅದರ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ನಿಂಬೆ. ಎರಡು ಟೇಬಲಿನಾಚೆ ಆಫೀಸು ಬಿಟ್ಟು ಬಂದವನೊಬ್ಬ ಕ್ವಾರ್ಟರನ್ನು ಮೂರು ಪಾಲು ಮಾಡಿ, ಲೋಕಲ್ ರೈಲಿನ ಹೊತ್ತು ನೋಡಿಕೊಂಡು ಕುಡಿಯುತ್ತಿದ್ದ. ಬಿಲ್ಲು ತಂದ ಮಾಣಿಗೆ ನಮ್ಮ ಕನ್ನಡ ಕೇಳಿ ಕಿವಿ ನೆಟ್ಟಗಾಯಿತು.

‘ಊರು ಎಲ್ಲಾಯ್ತು ಅಣ್ಣ?’

‘ಕೊಪ್ಪದ ಹತ್ತಿರ, ಬಾಳಗಡಿ.’

‘ನಮ್ದು ಹೆಬ್ರಿ. ಘಾಟಿ ಬುಡ. ನಮ್ಮಪ್ಪ ಕೊಯ್ಲಿಗೆ ನಿಮ್ಮ ಕಡೆಗೇ ಬರ್ತಿದ್ರು. ಚಿಕ್ಕಪ್ಪ ಬೊಂಬಾಯಿಗೆ ಬಂದ್ರು. ನಾನು ಚಿಕ್ಕಪ್ಪನ ಹಿಂದೆ ಬಂದೆ.’

ಕರಾವಳಿಯ ಬಡ ಮನೆಗಳಿಗೆ ಹೊಟ್ಟೆಪಾಡಿನ ಎರಡು ದಾರಿಗಳಿದ್ದವು. ಒಂದು ಘಟ್ಟ ಹತ್ತಿ ನಮ್ಮ ತೋಟಗಳಿಗೆ, ಇನ್ನೊಂದು ಕಡಲು ದಾಟಿ ಬೊಂಬಾಯಿಗೆ. ಒಂದೇ ಮನೆಯ ಅಣ್ಣ ನಮ್ಮ ಅಡಿಕೆ ಮರ ಹತ್ತಿದ, ತಮ್ಮ ಇಲ್ಲಿ ಟೇಬಲ್ಲು ಒರೆಸಿದ. ನಮ್ಮ ತೋಟದ ಆದಾಯದಲ್ಲಿ ಆ ಅಣ್ಣನ ದುಡಿಮೆ ಇದೆ. ಆ ಆದಾಯದಿಂದ ಹಡಗಿನ ಟಿಕೆಟ್ ತೆಗೆಸಿ ಬಂದ ನಮಗೆ ಆ ಅಣ್ಣನ ಮಗ ಊಟ ಬಡಿಸುತ್ತಾನೆ. ಇದನ್ನು ತಿಳಿದ ಮೇಲೆ ಮುಂಬೈಯ ಬಾರಿನಲ್ಲಿ ಚಿಟಿಕೆ ಹೊಡೆದು ಮಾಣಿಯನ್ನು ಕರೆಯಲು ಯಾರಿಗೂ ಮನಸ್ಸಾಗಬಾರದು.

ಹೆಂಗಸರು ಜೊತೆಗಿದ್ದರೆ ‘ಫ್ಯಾಮಿಲಿ ರೂಮ್’ ಎಂದು ಬೋರ್ಡಿರುವ ಕಡೆ ಹೋಗಿ. ಕುಡಿಯದವರೂ ಅಲ್ಲಿ ನಿರಾಳವಾಗಿ ಊಟ ಮಾಡಬಹುದು. ಪರ್ಮಿಟ್ ರೂಮೆಂದರೆ ಡಾನ್ಸ್ ಬಾರ್ ಎಂದು ತಿಳಿದವರು ನಮ್ಮ ಕಡೆ ಈಗಲೂ ಇದ್ದಾರೆ. ಎರಡಕ್ಕೂ ಸಂಬಂಧವಿಲ್ಲ.

ಕಾನೂನು, ಮಿತಿ, ಮರುದಿನದ ಬೆಳಗು

ಮಹಾರಾಷ್ಟ್ರದಲ್ಲಿ ಕುಡಿಯಲು ಪರ್ಮಿಟ್ ಬೇಕೆಂಬ ನಿಯಮ ಕಾಗದದ ಮೇಲೆ ಇಂದಿಗೂ ಇದೆ. ಒಂದು ದಿನದ ಪರ್ಮಿಟ್ಟೂ ಇರುತ್ತದೆ, ಬಾರಿನಲ್ಲೇ ವಿಚಾರಿಸಬಹುದು. ಬಿಯರಿಗೆ 21, ವಿಸ್ಕಿಯಂಥ ಕಡು ಮದ್ಯಕ್ಕೆ 25 ವರ್ಷ ತುಂಬಿರಬೇಕು. ಕಾಲೇಜು ಮುಗಿಸಿದ ಮಗನನ್ನು ಕರೆದೊಯ್ಯುವವರು ಇದನ್ನು ಗಮನಿಸಿ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ಚುನಾವಣೆಯ ದಿನಗಳು, ಅಲ್ಲಿನ ಆಷಾಢ ಏಕಾದಶಿ, ಗಣೇಶ ವಿಸರ್ಜನೆಯ ಅನಂತ ಚತುರ್ದಶಿಗಳಂದು ಬಾರು ಮುಚ್ಚಿರುತ್ತದೆ. ಟಿಕೆಟ್ ಮಾಡುವಾಗಲೇ ಪಂಚಾಂಗ ನೋಡಿ.

ಹಿಂದಿನ ರಾತ್ರಿ ಮಿತಿ ಮೀರಬೇಡಿ. ಹೊಯ್ದಾಡುವ ಹಡಗಿನಲ್ಲಿ ಹಿಂದಿನ ರಾತ್ರಿಯ ಅಮಲಿನ ತಲೆನೋವು, ಖಾಲಿ ಹೊಟ್ಟೆ, ನಿದ್ದೆಗೆಟ್ಟ ಕಣ್ಣು ಸೇರಿದರೆ ವಾಂತಿ ತಪ್ಪಿದ್ದಲ್ಲ. ಘಾಟಿ ಇಳಿಯುವಾಗ ಬಸ್ಸಿನಲ್ಲಿ ತಲೆ ಸುತ್ತುವವರು ಡಾಕ್ಟರ ಹತ್ತಿರ ಕೇಳಿ ಮಾತ್ರೆ ತಂದಿಟ್ಟುಕೊಳ್ಳಲಿ. ಮಾತ್ರೆಯ ಜೊತೆ ಮದ್ಯ ಬೇಡ. ಎರಡು ಜಾಗ, ಜಾಗಕ್ಕೊಂದು ಪೆಗ್ಗು, ಹೊಟ್ಟೆ ತುಂಬ ಊಟ, ಹತ್ತರೊಳಗೆ ಹಾಸಿಗೆ. ಇಷ್ಟಾದರೆ ಸಂಜೆಯೂ ಚೆನ್ನ, ಮರುದಿನವೂ ಚೆನ್ನ. ಬಾಟಲಿ ಕಟ್ಟಿಸಿಕೊಂಡು ಹಡಗಿಗೆ ಒಯ್ಯುವ ಯೋಚನೆ ಬಿಡಿ, ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಮರುದಿನ ಬೆಳಗ್ಗೆ ಹೊಸ ಜಾಗ ಹುಡುಕಿಕೊಂಡು ಹೋಗಬೇಡಿ. ಮನಸ್ಸು ತಡೆಯದಿದ್ದರೆ 1887ರ ಸಿಎಸ್‌ಎಂಟಿ ಸ್ಟೇಷನ್ನಿನ ಎದುರು ನಿಂತು ನೋಡಿ ಬನ್ನಿ. ಅಸಲು ಗುರುತಿನ ಚೀಟಿ, ಟಿಕೆಟ್ಟಿನ ಪ್ರತಿ, ಔಷಧಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗು ಕೋಣೆಗೆ ಬಂದು ಸೇರುವುದು ತಡವಾಗಬಹುದು.

ಊರು ಬಿಡುವ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ. ಬೊಂಬಾಯಿ ಹೋಟೆಲಿನಲ್ಲಿ ದುಡಿದು ವಾಪಸಾದ ಹಿರಿಯರು ಘಾಟಿಯ ಕೆಳಗಿನ ಊರೂರಿನಲ್ಲಿದ್ದಾರೆ. ನಮ್ಮ ಕಡೆಯೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರ ಮನೆಗೊಮ್ಮೆ ಹೋಗಿ. ಯಾವ ಗಲ್ಲಿಯ ಯಾವ ಹೋಟೆಲು ಇನ್ನೂ ಇದೆ, ಯಾರ ಹೆಸರು ಹೇಳಿದರೆ ಗಲ್ಲಾದಲ್ಲಿ ಕೂತವರು ಎದ್ದು ಬಂದು ಮಾತಾಡಿಸುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಯಾವ ಟ್ರಾವೆಲ್ ಏಜೆನ್ಸಿಯ ಪಟ್ಟಿಯಲ್ಲೂ ಇರದ ಮುಂಬೈ ಅವರ ನೆನಪಿನಲ್ಲಿದೆ. ಕೇಳುವವರು ಹೋದರೆ ಅವರು ಸಂತೋಷದಿಂದ ಹೇಳುತ್ತಾರೆ.